ಬೋಟಿಗೊಂದು ಗಾಳಿದಾರಿ

ನಾರ್ವೆಯ ಮೀನುಗಾರರ ಬೋಟುಗಳಲ್ಲಿ, ಇಂಗ್ಲೆಂಡಿನ ಕಾಲುವೆಗಳ ಮೇಲೆ ದೋಣಿಯಲ್ಲೇ ಸಂಸಾರ ಹೂಡಿದವರ ಕ್ಯಾಬಿನ್ನುಗಳಲ್ಲಿ, ಒಬ್ಬನೇ ಎತ್ತಿ ಒಯ್ಯಬಹುದಾದಷ್ಟು ಚಿಕ್ಕ ಯಂತ್ರವೊಂದು ಮೂಲೆಯಲ್ಲಿ ಕೂತಿರುತ್ತದೆ. ಅದರ ಹೆಸರು ಏರ್ ಹೀಟರ್. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೆಷರ್ ಕಂಪನಿಗಳು ಇದರಲ್ಲಿ ಹೆಸರು ಮಾಡಿವೆ. ಬೋಟಿನ ಟ್ಯಾಂಕಿನ ಡೀಸೆಲ್ಲನ್ನೇ ಹನಿಹನಿಯಾಗಿ ಎಳೆದು, ಮುಚ್ಚಿದ ಗೂಡೊಂದರಲ್ಲಿ ಉರಿಸಿ, ಆ ಗೂಡಿನ ಹೊರಮೈಯನ್ನು ಸವರಿಕೊಂಡು ಹೋಗುವ ಗಾಳಿಯನ್ನು ಕಾಯಿಸಿ, ಕೊಳವೆಗಳ ಮೂಲಕ ಮಲಗುವ ಜಾಗಕ್ಕೂ ಅಡುಗೆಯ ಮೂಲೆಗೂ ಕಳಿಸುವುದು ಅದರ ಕೆಲಸ. ಸಣ್ಣ ಕ್ಯಾಬಿನ್ನಿಗೆ 2 ಕಿಲೋವ್ಯಾಟ್ ಸಾಮರ್ಥ್ಯದ್ದು ಸಾಕು. ಗಂಟೆಗೆ ಕಾಲು ಲೀಟರಿನ ಆಸುಪಾಸು ಡೀಸೆಲ್ ಕುಡಿಯುತ್ತದೆ. ಕುಮಟಾ ತಾಲೂಕಿನ ಬಾಡದಲ್ಲಿ ಇದನ್ನು ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡ. ಮಾರ್ಚ್ ಬಂತೆಂದರೆ ಜಗಲಿಯಲ್ಲಿ ಕೂತರೂ ಸೆಖೆಗೆ ಅಂಗಿ ಮೈಗಂಟುವ ಊರಿದು. ಆದರೂ ಬಾಡದಿಂದ ಭಟ್ಕಳದವರೆಗಿನ ಕರಾವಳಿ ಈ ಯಂತ್ರದ ಕಡೆ ಒಮ್ಮೆ ಕಣ್ಣುಹಾಯಿಸಬೇಕು ಎಂಬುದು ಈ ಲೇಖನದ ವಾದ. ನಮಗೆ ಬೇಕಾದದ್ದು ಹೀಟರಿನ ಬಿಸಿಯಲ್ಲ, ಅದನ್ನು ಕೂರಿಸುವವನ ಕಸುಬು. ಚಳಿನಾಡಿನವರು ದುಡ್ಡು ಕೊಟ್ಟು ಬಿಸಿ ಕೊಳ್ಳುತ್ತಾರೆ, ಹಾಗಾಗಿ ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಇಂಚಿಂಚೂ ಲೆಕ್ಕ ಇಡುತ್ತಾರೆ. ನಮ್ಮ ಬೋಟುಗಳಲ್ಲಿ ಬಿಸಿ ಬಿಟ್ಟಿಯಾಗಿ ಹುಟ್ಟುತ್ತದೆ. ಅದು ಹೊರಗೆ ಹೋಗಲು ಲೆಕ್ಕ ಹಾಕಿ ದಾರಿ ಮಾಡುವ ರೂಢಿ ಮಾತ್ರ ಬೆಳೆಯಲಿಲ್ಲ.

ಹೀಟರ್ ಕೂರಿಸುವ ಕೆಲಸದಲ್ಲಿ ಯಂತ್ರವನ್ನು ಬೋಲ್ಟ್ ಹಾಕಿ ನಿಲ್ಲಿಸುವುದು ಸಣ್ಣ ಪಾಲು. ಕೈಚಳಕವೆಲ್ಲ ಕೊಳವೆಗಳಲ್ಲಿದೆ. ಮೊದಲ ನಿಯಮ, ಎರಡು ಗಾಳಿಗಳು ಎಲ್ಲಿಯೂ ಕೂಡಬಾರದು. ಉರಿಗೆ ಬೇಕಾದ ಗಾಳಿ ಒಂದು ಕೊಳವೆಯಲ್ಲಿ ಬಂದು ಹೊಗೆಯಾಗಿ ಇನ್ನೊಂದರಲ್ಲಿ ಬೋಟಿನ ಹೊರಗೆ ಹೋಗಬೇಕು; ಮನುಷ್ಯರು ಉಸಿರಾಡುವ ಗಾಳಿ ಬೇರೆಯದೇ ಕೊಳವೆಯಲ್ಲಿ ಸುತ್ತಬೇಕು. ಹೊಗೆ ಕೊಳವೆಯ ಒಂದು ಜೋಡಣೆ ಸಡಿಲವಾದರೂ ಕಾರ್ಬನ್ ಮಾನಾಕ್ಸೈಡ್ ಮಲಗುವ ಜಾಗಕ್ಕೆ ನುಗ್ಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲಿನ ನಿಯಮಗಳು ಬಡಗಿಗೂ ಪ್ಲಂಬರಿಗೂ ಥಟ್ಟನೆ ಅರ್ಥವಾಗುವಂಥವು. ಕೊಳವೆಯ ಪ್ರತಿ ತಿರುವೂ ಗಾಳಿಯನ್ನು ತಡೆಯುತ್ತದೆ, ಆದ್ದರಿಂದ ಮೂಲೆ ಮುರಿದಂತೆ ತಿರುಗಿಸದೆ ಉದ್ದಕ್ಕೆ ಬಳಸಿ ತರಬೇಕು. ಮಡಚಿ ಬರುವ ಪೈಪನ್ನು ಪೂರ್ತಿ ಎಳೆದು ಹಾಕಬೇಕು, ನೆರಿಗೆ ಉಳಿದರೆ ಗಾಳಿ ಅಲ್ಲೇ ಸುಳಿಯುತ್ತದೆ. ಹೊಗೆಕೊಳವೆಗೆ ಗಾಜಿನ ನಾರಿನ ಬಟ್ಟೆ ಸುತ್ತಿ ತಂತಿ ಬಿಗಿಯಬೇಕು. ಅದರ ಅತಿ ತಗ್ಗಿನ ಜಾಗದಲ್ಲಿ, ತಣಿದು ನಿಂತ ನೀರು ಇಳಿದುಹೋಗಲು ಒಂದು ತೂತು ಬಿಡಬೇಕು. ಬದಿಯ ಹಲಗೆ ದಾಟಿ ಹೊರಬೀಳುವ ಮುನ್ನ ಕೊಳವೆ ಒಮ್ಮೆ ಮೇಲೆದ್ದು ಬಾಗಬೇಕು, ಬೋಟು ವಾಲಿದಾಗ ಅಲೆ ಒಳನುಗ್ಗದಂತೆ.

ಇಷ್ಟೆಲ್ಲ ಕಟ್ಟುನಿಟ್ಟು 2 ಕಿಲೋವ್ಯಾಟ್ ಬಿಸಿಯ ಸಲುವಾಗಿ. ಈಗ ನಮ್ಮ ಬೋಟಿಗೆ ಬರೋಣ. ಹಾಯಿ ಕಟ್ಟಿದ ಮಚವೆಗಳ ಕಾಲದಲ್ಲಿ ಬಿಸಿ ಹೊರಹಾಕುವ ಪ್ರಶ್ನೆಯೇ ಇರಲಿಲ್ಲ. ಗಾಳಿಯ ಕೆಲಸವೆಲ್ಲ ಹಾಯಿಯ ಮೇಲೆ ನಡೆಯುತ್ತಿತ್ತು, ಒಳಗೆ ಕಾಯುವ ವಸ್ತುವೇ ಇರಲಿಲ್ಲ. 1952ರಲ್ಲಿ ಒಪ್ಪಂದವಾಗಿ ಕೊಲ್ಲಂ ಸಮೀಪದ ನೀಂಡಕರದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ ಪಶ್ಚಿಮ ಕರಾವಳಿಯ ಮೀನುಗಾರಿಕೆಗೆ ಎಂಜಿನ್ ತಂದ ದೊಡ್ಡ ಪ್ರಯತ್ನಗಳಲ್ಲಿ ಒಂದು. ಅರವತ್ತರ ದಶಕದಲ್ಲಿ ಅದು ಕಾರವಾರಕ್ಕೂ ಬಂತು. ಎಂಜಿನ್ ಹೇಗೆ ಕೂರಬೇಕು, ಬಲೆ ಹೇಗೆ ಎಳೆಯಬೇಕು ಎಂದು ಕಲಿಸಲು ಬಂದವರು ಎಂಜಿನ್ನಿನ ಬಿಸಿಯನ್ನು ವರವೆಂದು ಬಗೆಯುವ ನಾಡಿನವರು. ಆ ಬಿಸಿಯೇ ಇಲ್ಲಿ ತೊಡಕಾಗುವುದನ್ನು ಇಲ್ಲಿನವರೇ ಕಂಡುಕೊಳ್ಳಬೇಕಿತ್ತು. ಇಂದು ತದಡಿಯಲ್ಲಿ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಭಟ್ಕಳದ ಮಾವಿನಕುರ್ವೆಯಲ್ಲಿ ನಿಲ್ಲುವ ಬೋಟುಗಳನ್ನು ನೋಡಿದರೆ ಎಂಜಿನ್ನು, ವಿಂಚು, ಜಿಪಿಎಸ್ಸು, ಮೀನು ಹುಡುಕುವ ಸಾಧನ ಎಲ್ಲಕ್ಕೂ ಜಾಗವೂ ಹಣವೂ ಸಿಕ್ಕಿರುವುದು ಕಾಣುತ್ತದೆ. ಗಾಳಿಗೆ ಸಿಗುವುದು ಉಳಿದ ಜಾಗ, ಉಳಿದ ಪೈಪು.

ಲೆಕ್ಕ ಹಾಕಿದರೆ ವಿಷಯದ ಗಾತ್ರ ಗೊತ್ತಾಗುತ್ತದೆ. 100 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 20 ಲೀಟರ್ ಉರಿಸುತ್ತದೆ. ಒಂದು ಲೀಟರಿನಲ್ಲಿರುವ ಶಕ್ತಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮ. ಇದರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಪ್ರೊಪೆಲರಿಗೆ ಹೋಗುತ್ತದೆ. ಮಿಕ್ಕದ್ದರಲ್ಲಿ ಬಹುಪಾಲು ಹೊಗೆಯಲ್ಲೂ ತಣಿಸುವ ನೀರಿನಲ್ಲೂ ಹೊರಬೀಳುತ್ತದೆ. ಇವೆಲ್ಲ ಕಳೆದು ಸುಮಾರು ನೂರಕ್ಕೆ 5ರಷ್ಟು ಶಾಖ ಎಂಜಿನ್ನಿನ ಮೈಯಿಂದಲೇ ಸುತ್ತಲ ಗಾಳಿಗೆ ಸೂಸುತ್ತದೆ. ಅಂದರೆ 9ರಿಂದ 10 ಕಿಲೋವ್ಯಾಟ್. ಯುರೋಪಿನ ಬೋಟೊಂದು ಚಳಿಗಾಲ ಕಳೆಯಲು ಕೊಳ್ಳುವ ಹೀಟರಿನಂಥ ನಾಲ್ಕೈದು, ಕ್ಯಾಬಿನ್ನಿನ ಕೆಳಗಿನ ಇಕ್ಕಟ್ಟಿನ ಕೋಣೆಯಲ್ಲಿ ಹಗಲೂ ರಾತ್ರಿ ಒಟ್ಟಿಗೆ ಉರಿದಂತಾಯಿತು. ಆಳ ಸಮುದ್ರಕ್ಕೆ ಹೋಗುವ ಈಗಿನ ಬೋಟುಗಳ ಎಂಜಿನ್ ಇದರ ಎರಡು ಮೂರು ಪಟ್ಟು ದೊಡ್ಡದಿರುವುದೂ ಉಂಟು.

ಈ ಶಾಖವನ್ನು ಹೊತ್ತು ಹೊರಹೋಗುವ ಗಾಳಿ ಎಷ್ಟಿರಬೇಕು? ಎಂಜಿನ್ ಉರಿಯಲು ಗಂಟೆಗೆ ಸುಮಾರು 350 ಘನ ಮೀಟರ್ ಗಾಳಿ ಬೇಕು. ಒಳಗಿನ ಸೆಖೆ ಹೊರಗಿಗಿಂತ 10 ಡಿಗ್ರಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಲು ಬೇಕಾದದ್ದು 2,700 ಘನ ಮೀಟರಿನಷ್ಟು, ಅಂದರೆ ಏಳೆಂಟು ಪಟ್ಟು. ಹೆಚ್ಚಿನ ತಪ್ಪು ಹುಟ್ಟುವುದು ಇಲ್ಲೇ. ಎಂಜಿನ್ನಿಗೆ ಉಸಿರಾಡಲು ಸಾಕಾಗುವಷ್ಟು ದಾರಿ ಬಿಟ್ಟರೆ ಅದು ಓಡುತ್ತದೆ; ಓಡುತ್ತಿದೆಯಲ್ಲ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಫ್ಯಾನು ನೂಕಿದರೂ ಅಷ್ಟು ಗಾಳಿಗೆ 1,500 ಚದರ ಸೆಂಟಿಮೀಟರ್ ಬಾಯಿ ಬೇಕು. ನಾಲ್ಕಿಂಚಿನ ಪೈಪಿನ ಬಾಯಿ ಸುಮಾರು 80 ಚದರ ಸೆಂಟಿಮೀಟರ್. ಡೆಕ್ಕಿನ ಮೇಲೆ ಅಂಥ ಎರಡು ಪೈಪು ನಿಲ್ಲಿಸಿ ಕೈತೊಳೆದುಕೊಂಡವರು ಹದಿನೆಂಟು ಪೈಪು ಬೇಕಾದಲ್ಲಿ ಎರಡನ್ನು ಕೊಟ್ಟಂತೆ. ಒಳಬರುವ ದಾರಿಗೂ ಹೊರಹೋಗುವ ದಾರಿಗೂ ಬೇರೆಬೇರೆಯಾಗಿ ಇಷ್ಟು ಬಾಯಿ ಇರಬೇಕು. ಒಳಬರುವುದು ಎಂಜಿನ್ನಿನ ಬುಡದ ತನಕ ಇಳಿಯಬೇಕು, ಹೊರಹೋಗುವುದು ಮೇಲ್ಛಾವಣಿಗೆ ಅಂಟಿಕೊಂಡು, ಆದಷ್ಟು ಎದುರು ಮೂಲೆಯಿಂದ ಹೊರಡಬೇಕು. ನಮ್ಮ ಹಳೆಯ ಹೆಂಚಿನ ಮನೆ ಬೇಸಗೆಯನ್ನು ತಾಳಿಕೊಂಡದ್ದು ಇದೇ ಉಪಾಯದಿಂದ: ತಂಪು ಗಾಳಿ ಬಾಗಿಲ ಮಟ್ಟದಲ್ಲಿ ಒಳಬರುತ್ತದೆ, ಬಿಸಿ ಗಾಳಿ ಹೆಂಚಿನ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಎರಡೂ ಪೈಪು ಛಾವಣಿ ಮಟ್ಟದಲ್ಲೇ ನಿಂತರೆ ಒಂದರಲ್ಲಿ ಬಂದ ಗಾಳಿ ಮೇಲೆಮೇಲೇ ಇನ್ನೊಂದರಲ್ಲಿ ಹೋಗಿಬಿಡುತ್ತದೆ. ಎಂಜಿನ್ನಿನ ಸುತ್ತ ಬಿಸಿ ಕದಲುವುದೇ ಇಲ್ಲ. ಹೊರಗೆಳೆಯುವ ಫ್ಯಾನ್ ಮಾತ್ರ ಹಾಕಿ ಒಳದಾರಿಯನ್ನು ಕಿರಿದಾಗಿ ಬಿಟ್ಟರಂತೂ ಫ್ಯಾನೂ ಎಂಜಿನ್ನೂ ಒಂದೇ ಗಾಳಿಗೆ ಜಗ್ಗಾಡುತ್ತವೆ, ಸಂದಿಗೊಂದಿಗಳಿಂದ ಕ್ಯಾಬಿನ್ನಿನ ಗಾಳಿಯನ್ನೂ ಎಳೆದುಕೊಳ್ಳುತ್ತವೆ.

ಎಂಜಿನ್ ರೂಮಿನಲ್ಲಿ ಯಾರೂ ಮಲಗುವುದಿಲ್ಲ, ಅದು ಕಾದರೆ ಕಾಯಲಿ ಎನ್ನುವವರಿದ್ದಾರೆ. ಈ ಮಾತಿಗೆ ಮೀನಿನ ಕೋಣೆಯೇ ಉತ್ತರ ಹೇಳುತ್ತದೆ. ಬಹಳಷ್ಟು ಬೋಟುಗಳಲ್ಲಿ ಮಂಜುಗಡ್ಡೆ ತುಂಬುವ ಹೋಲ್ಡು ಎಂಜಿನ್ ರೂಮಿಗೆ ಗೋಡೆ ತಾಗಿಸಿಕೊಂಡೇ ಇರುತ್ತದೆ. ಆ ಗೋಡೆ 6 ಚದರ ಮೀಟರ್, ಈಚೆ 50 ಡಿಗ್ರಿ, ಆಚೆ ಮಂಜಿನ ಸೊನ್ನೆ ಡಿಗ್ರಿ ಎಂದುಕೊಳ್ಳಿ. ಎರಡಿಂಚಿನ ಬರೀ ಮರದ ಗೋಡೆಯಾದರೆ ದಿನಕ್ಕೆ ಸುಮಾರು 150 ಕಿಲೋ ಮಂಜು ಅದೊಂದೇ ಗೋಡೆಯ ದೆಸೆಯಿಂದ ಕರಗುತ್ತದೆ. ಅಷ್ಟೇ ದಪ್ಪದ ಒಳ್ಳೆಯ ಪಫ್ (ಪಾಲಿಯುರೆಥೇನ್ ನೊರೆ) ತುಂಬಿದರೆ 40 ಕಿಲೋಗೆ ಇಳಿಯುತ್ತದೆ. ಗೋಡೆ ಹೇಗೇ ಇರಲಿ, ಎಂಜಿನ್ ರೂಮನ್ನು 50ರಿಂದ 40 ಡಿಗ್ರಿಗೆ ಇಳಿಸಿದರೆ ಆ ಗೋಡೆಯಿಂದಾಗುವ ನಷ್ಟದಲ್ಲಿ ಐದನೇ ಒಂದು ಪಾಲು ಉಳಿಯುತ್ತದೆ, ಪ್ರತಿದಿನವೂ. ವಾರಕ್ಕೂ ಮೀರಿ ಕಡಲಲ್ಲಿರುವ ಬೋಟಿನಲ್ಲಿ ಕೊನೆಯ ಎರಡು ದಿನದ ಮೀನಿಗೆ ಬಂದರಿನಲ್ಲಿ ಏನು ದರ ಎಂಬುದನ್ನು ಈ ಮಂಜೇ ನಿರ್ಧರಿಸುತ್ತದೆ. ಮರದ ಬೋಟು ಇಂಥ ತಪ್ಪನ್ನು ಒಂದಷ್ಟು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು, ಮರಕ್ಕೆ ಬಿಸಿ ದಾಟಿಸುವ ಚಾಳಿ ಕಡಿಮೆ. ಉಕ್ಕು ಮರಕ್ಕಿಂತ ನೂರಾರು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಪಫ್ ತುಂಬಿದ ಮೇಲೂ ಅದರ ನಡುವೆ ಹಾದುಹೋಗುವ ಪಟ್ಟಿಗಳ ಮೂಲಕ ಬಿಸಿ ನುಸುಳುತ್ತದೆ. ಉಕ್ಕಿನ ಬೋಟುಗಳು ಹೆಚ್ಚಿದಂತೆ ಹಳೆಯ ಗಾಳಿಲೆಕ್ಕ ಸಾಲದು. ಎಂಜಿನ್ನಿಗೂ ನಷ್ಟವಿದೆ. ಬಿಸಿ ಗಾಳಿ ತೆಳು. ಒಳಗೆಳೆಯುವ ಗಾಳಿ 5–6 ಡಿಗ್ರಿ ಏರಿದರೆ ಶಕ್ತಿ ನೂರಕ್ಕೆ ಒಂದರಷ್ಟು ಇಳಿಯುತ್ತದೆಂಬುದು ಸ್ಥೂಲ ಲೆಕ್ಕ. ಇನ್ನು ಕ್ಯಾಬಿನ್ನಿನ ನೆಲ ಎಂದರೆ ಎಂಜಿನ್ ರೂಮಿನ ಛಾವಣಿ. ರಾತ್ರಿ ಬಲೆ ಎಳೆದು ಬಂದ ಖಲಾಸಿ ಬೆನ್ನು ಚಾಚುವುದು ಅದರ ಮೇಲೆಯೇ.

ಮುಚ್ಚಳ ತೆರೆದಿಟ್ಟರೆ ಆಯಿತಲ್ಲ, ಪೈಪೇಕೆ ಎನ್ನುವುದು ಇನ್ನೊಂದು ಆಕ್ಷೇಪ. ಕೈಗೆ ಸುಲಭವಾದ ಪರಿಹಾರ, ಒಪ್ಪೋಣ. ಆದರೆ ತೆರೆದ ಮುಚ್ಚಳ ಒಂದೇ ಬಾಯಿ; ಬಿಸಿ ಗಾಳಿ ಏಳುವುದೂ ತಂಪು ಗಾಳಿ ಇಳಿಯುವುದೂ ಅಲ್ಲೇ ತಿಕ್ಕಾಡುತ್ತವೆ. ಆ ಬಾಯಿ ಕ್ಯಾಬಿನ್ನಿನೊಳಗೆ ತೆರೆದರೆ ಎಂಜಿನ್ನಿನ ಸದ್ದು, ಎಣ್ಣೆಯ ಹಬೆ, ಹೊಗೆಕೊಳವೆಯ ಜೋಡಣೆಯಿಂದ ಸೋರಿದ್ದು ಎಲ್ಲವೂ ಮಲಗಿದವರ ಮೂಗಿಗೇ. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಪೆಟ್ರೋಲಿನದಕ್ಕಿಂತ ಕಡಿಮೆ ಎಂಬುದು ನಿಜ, ಆದರೆ ಇಲ್ಲವೆಂದಲ್ಲ. ಮಳೆಗಾಳಿಗೆ ಕಿಟಕಿ ಮುಚ್ಚಿ ಗ್ಯಾಸ್ ಒಲೆಯಲ್ಲಿ ಗಂಜಿ ಬೇಯಿಸುವ ಕ್ಯಾಬಿನ್ನಿನಲ್ಲಿ ಅದಕ್ಕೆ ಜೊತೆ ಸಿಗುತ್ತದೆ. ಎರಡು ಗಾಳಿ ಕೂಡಬಾರದು ಎಂಬ ಹೀಟರಿನ ಮೊದಲ ನಿಯಮವನ್ನು ತೆರೆದ ಮುಚ್ಚಳ ಮೊದಲೇ ಮುರಿದಿರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೋಟು ನಡೆಸುವ ತಾಂಡೇಲನದ್ದು: ಗಾಳಿಗೆ ಬಾಗಿಲು ತೆರೆದರೆ ನೀರಿಗೂ ತೆರೆದಂತೆ. ಅಘನಾಶಿನಿಯ ಅಳಿವೆಯಲ್ಲೋ ಶರಾವತಿಯ ಅಳಿವೆಯಲ್ಲೋ ಅಲೆ ಮುರಿದು ಡೆಕ್ಕಿನ ಮೇಲೆ ಬೀಳುವುದನ್ನು ಬಲ್ಲವನ ಮಾತು ಅದು, ತಳ್ಳಿಹಾಕುವಂತಿಲ್ಲ. ಚಿಕ್ಕ ಪೈಪಿನ ಹಿಂದಿರುವುದೂ ಈ ಭಯವೇ. ಆದರೆ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ವಿದ್ಯೆ ಹೊಸದಲ್ಲ. 1930ರ ಡೋರೇಡ್ ಎಂಬ ಹಾಯಿದೋಣಿಯ ಹೆಸರಿನಲ್ಲೇ ಪ್ರಸಿದ್ಧವಾದ ಪೆಟ್ಟಿಗೆಯೊಂದಿದೆ: ಡೆಕ್ಕಿನ ಮೇಲೆ ಮುಚ್ಚಿದ ಪೆಟ್ಟಿಗೆ, ಅದರ ಒಂದು ತುದಿಯ ಮೇಲೆ ಗಾಳಿ ಹಿಡಿಯುವ ಕೊಂಬು, ಇನ್ನೊಂದು ತುದಿಯಲ್ಲಿ ಒಳಗಿಳಿಯುವ ಕೊಳವೆ. ಆ ಕೊಳವೆಯ ಬಾಯಿ ಪೆಟ್ಟಿಗೆಯ ತಳದಿಂದ ಕೆಲವು ಇಂಚು ಮೇಲೆ ನಿಂತಿರುತ್ತದೆ. ಕೊಂಬಿನಲ್ಲಿ ನುಗ್ಗಿದ ನೀರು ತಳಕ್ಕೆ ಬಿದ್ದು ಬದಿಯ ತೂತುಗಳಿಂದ ಡೆಕ್ಕಿಗೆ ಹರಿಯುತ್ತದೆ. ಗಾಳಿ ಮಾತ್ರ ತಿರುಗಿ ಒಳಗಿಳಿಯುತ್ತದೆ. ಪ್ಲೈವುಡ್ಡಿಗೆ ಫೈಬರ್ ಹೊದಿಸಿ ಇಂಥದ್ದೊಂದು ಮಾಡುವುದು ಬೋಟು ಕಟ್ಟುವ ಆಚಾರಿಗೆ ಲೀಲಾಜಾಲ. ಒಳದಾರಿಯ ಬಾಯಿಯನ್ನು ಕ್ಯಾಬಿನ್ನಿನ ಹಿಂಗೋಡೆಗೆ ಒರಗಿಸಿ ಎತ್ತರಕ್ಕೆ ಒಯ್ದು, ಬಿರುಗಾಳಿಗೆ ಮುಚ್ಚಲು ತಿರುಗುವ ತಗಡು ಇಟ್ಟರೆ ತಾಂಡೇಲನ ಭಯಕ್ಕೂ ಮರ್ಯಾದೆ ಕೊಟ್ಟಂತಾಗುತ್ತದೆ.

ಖರ್ಚಿನ ಮಾತು ಬೇಗ ಮುಗಿಯುವಂಥದ್ದು. ತಗಡು, ಫೈಬರ್, ಎರಡು ಫ್ಯಾನು, ಗಾಜಿನ ನಾರಿನ ಬಟ್ಟೆ: ಒಂದು ಬಲೆಯ ಬೆಲೆಯ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಫ್ಯಾನು ಕೇಳುವ ಕೆಲವು ನೂರು ವ್ಯಾಟ್ ವಿದ್ಯುತ್ತನ್ನು ಓಡುವ ಎಂಜಿನ್ನಿನ ಆಲ್ಟರ್ನೇಟರೇ ಕೊಡುತ್ತದೆ. ಫ್ಯಾನಿಗಿಂತ ಮೊದಲು ಮಾಡಬೇಕಾದದ್ದು ಹೊಗೆಕೊಳವೆಗೆ ಹೊದಿಕೆ. ನಾನೂರು ಡಿಗ್ರಿ ಮೀರುವ ಬರಿಮೈ ಕೊಳವೆಯನ್ನು ಹಾಗೇ ಬಿಟ್ಟು ಫ್ಯಾನಿಗೆ ದುಡ್ಡು ಸುರಿಯುವುದು ದಡ್ಡತನ. ಸಮಯವೂ ಇದೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬೋಟುಗಳ ದುರಸ್ತಿಯೆಲ್ಲ ನಡೆಯುವುದು ಆಗಲೇ. ಇಲ್ಲದಿರುವುದು ಈ ಕೆಲಸವನ್ನು ತನ್ನದೆಂದು ಹೇಳುವ ಕಸುಬುದಾರ. ಬಡಗಿಗೆ ಅದು ಮೆಕ್ಯಾನಿಕ್ಕಿನ ಕೆಲಸ, ಮೆಕ್ಯಾನಿಕ್ಕಿಗೆ ಬಡಗಿಯದು, ವೆಲ್ಡರ್ ಹೇಳಿದಷ್ಟು ತೂತು ಕೊರೆಯುತ್ತಾನೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 1957ರಿಂದ ಬೋಟು, ಬಲೆಗಳ ಮೇಲೆ ಕೆಲಸ ಮಾಡುತ್ತ ಬಂದಿದೆ. ಇಂಧನ ಉಳಿಸುವ ‘ಸಾಗರ ಹರಿತ’ ಎಂಬ ಮಾದರಿ ಬೋಟನ್ನು 2016ರಲ್ಲಿ ನೀರಿಗಿಳಿಸಿತು. ಅಂಥ ತಿಳಿವಳಿಕೆ ತದಡಿಯ ದಕ್ಕೆಗೆ ಬರಬೇಕಾದರೆ ಅದು ನಕ್ಷೆಯಾಗಿ ಬಂದರೆ ಸಾಲದು. ಇಷ್ಟು ಅಶ್ವಶಕ್ತಿಗೆ ಇಷ್ಟು ಇಂಚು ಬಾಯಿ ಎಂಬ, ಗೋಡೆಗೆ ಅಂಟಿಸಬಹುದಾದ ಪಟ್ಟಿಯಾಗಿ ಬರಬೇಕು.

ಗಾಳಿ ಹೆಚ್ಚಿದರೆ ಬೆಂಕಿಗೂ ಬಲ ಬರುತ್ತದೆ ಎಂಬ ಮಾತು ಉಳಿಯಿತು. ಸರಿಯಾದ ಮಾತೇ. ಹಾಗಾಗಿ ಫ್ಯಾನಿನ ಸ್ವಿಚ್ಚು, ಎರಡೂ ದಾರಿಯ ಮುಚ್ಚುತಗಡಿನ ಹಿಡಿ ಎಂಜಿನ್ ರೂಮಿನ ಒಳಗಲ್ಲ, ಹೊರಗೆ, ಕೈಗೆಟಕುವಂತಿರಬೇಕು. ಬೆಂಕಿ ಕಂಡ ಕೂಡಲೇ ಮೊದಲು ಗಾಳಿ ಕಡಿಯಬೇಕು. ತೆರೆದ ಮುಚ್ಚಳವನ್ನೇ ನಂಬಿದ ಬೋಟಿನಲ್ಲಿ ಆಗ ಉರಿಯ ಮೇಲೆ ಬಾಗಿ ಮುಚ್ಚಳ ಎಳೆಯಬೇಕಾಗುತ್ತದೆ. ಇದೇ ಫ್ಯಾನಿಗೆ ಇನ್ನೊಂದು ಕೆಲಸವನ್ನೂ ಹಚ್ಚಬಹುದು. ಮೀನು ಕೊಳೆತ ಹೋಲ್ಡಿನಲ್ಲಿ ಆಮ್ಲಜನಕ ಇಳಿದು ಹೈಡ್ರೋಜನ್ ಸಲ್ಫೈಡ್ ಸೇರಿಕೊಳ್ಳುತ್ತದೆ. ಅದರ ವಾಸನೆಯನ್ನು ನಂಬುವಂತಿಲ್ಲ, ಪ್ರಮಾಣ ಏರಿದರೆ ಅದು ಮೂಗನ್ನೇ ಮಂಕು ಮಾಡುತ್ತದೆ. ಒಬ್ಬ ಬಿದ್ದನೆಂದು ಎತ್ತಲು ಇಳಿದವನೂ ಬೀಳುವುದು ಹೀಗೆಯೇ. ಇಳಿಯುವ ಮುನ್ನ ಫ್ಯಾನಿಗೆ ಉದ್ದದ ಪೈಪು ಸಿಕ್ಕಿಸಿ ಚೆನ್ನಾಗಿ ಗಾಳಿ ಊದಬೇಕು, ಇಳಿದವನಿಗೆ ಹಗ್ಗ ಕಟ್ಟಿ ಮೇಲೊಬ್ಬ ನಿಂತಿರಬೇಕು. ಪೈಪು ಹೋಲ್ಡಿನ ತಳ ಮುಟ್ಟುವಷ್ಟು ಉದ್ದ ಇರಲಿ. ಆ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ.