ಸಕಲೇಶಪುರ–ಆಲೂರು–ಕಟ್ಟಾಯ: ಒಂದು ಕ್ಷೇತ್ರದ ಮತಚರಿತ್ರೆ

ಸಕಲೇಶಪುರ ವಿಧಾನಸಭಾ ಕ್ಷೇತ್ರ ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ರಾಜ್ಯದ 224 ಕ್ಷೇತ್ರಗಳ ಪಟ್ಟಿಯಲ್ಲಿ ಇದರ ಸಂಖ್ಯೆ 199; ಪರಿಶಿಷ್ಟ ಜಾತಿಗೆ ಮೀಸಲು. ಸಕಲೇಶಪುರ, ಆಲೂರು ತಾಲ್ಲೂಕುಗಳ ಜೊತೆಗೆ ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯೂ ಸೇರಿರುವುದರಿಂದ ರಾಜಕೀಯ ಸಭೆಗಳಲ್ಲೂ ಪತ್ರಿಕೆಗಳಲ್ಲೂ ಮೂರೂ ಹೆಸರು ಸೇರಿಸಿ ಹೇಳುವುದು ರೂಢಿ. ಯಸಳೂರು, ಹೆತ್ತೂರು, ಹಾನುಬಾಳು ಹೋಬಳಿಗಳು ಕಾಫಿ, ಮೆಣಸು, ಗದ್ದೆಗಳ ಮಲೆನಾಡು, ಆಲೂರು ಅರೆಮಲೆನಾಡು, ಕಟ್ಟಾಯದ ಕಡೆ ಬಯಲುಸೀಮೆಯ ಬೇಸಾಯ. ಒಬ್ಬನೇ ಶಾಸಕ ಈ ಮೂರು ಸೀಮೆಗಳಿಗೂ ದನಿಯಾಗಬೇಕು.

ಮೊದಲು ಇದು ಸಾಮಾನ್ಯ ಕ್ಷೇತ್ರವಾಗಿತ್ತು. ಜಿಲ್ಲೆಯ ಮೀಸಲು ಸ್ಥಾನ ಬೇಲೂರಿನಲ್ಲಿತ್ತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಮರುವಿಂಗಡಣಾ ಆಯೋಗ 2001ರ ಜನಗಣತಿಯ ಆಧಾರದ ಮೇಲೆ ಗಡಿಗಳನ್ನು ಹೊಸದಾಗಿ ಎಳೆಯಿತು. ಪರಿಶಿಷ್ಟ ಜಾತಿಯ ಜನಸಂಖ್ಯೆಯ ಪ್ರಮಾಣ ಹೆಚ್ಚಿರುವ ಕಡೆ, ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿಹೋಗುವಂತೆ ಮೀಸಲಾತಿ ಕೊಡಬೇಕೆಂಬುದು ಕಾನೂನಿನ ನಿಯಮ. 2008ರ ಚುನಾವಣೆಯಲ್ಲಿ ಹೊಸ ಗಡಿಗಳು ಜಾರಿಗೆ ಬಂದು, ಬೇಲೂರು ಸಾಮಾನ್ಯ ಕ್ಷೇತ್ರವಾಯಿತು, ಸಕಲೇಶಪುರ ಮೀಸಲಾಯಿತು. ತೋಟದ ಮಾಲೀಕರ ಪ್ರಭಾವ ಗಟ್ಟಿಯಾಗಿರುವ ಸೀಮೆಯಲ್ಲಿ ಶಾಸಕ ಸ್ಥಾನ ದಲಿತ ಸಮುದಾಯದ ಪ್ರತಿನಿಧಿಗೆ ಸಂದದ್ದು ಈ ಕ್ಷೇತ್ರದ ಚರಿತ್ರೆಯ ಅತಿ ದೊಡ್ಡ ತಿರುವು.

ರಾಜ್ಯದ ಗಾಳಿ ಬೀಸಿದ ಕಡೆಗೇ ವಾಲದಿರುವುದು ಇಲ್ಲಿನ ಮತದಾರರ ಗುಣ. 1994ರಲ್ಲಿ ಜನತಾದಳ 115 ಸ್ಥಾನ ಗೆದ್ದು, ಹಾಸನ ಜಿಲ್ಲೆಯವರೇ ಆದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು. ಆದರೆ ಸಕಲೇಶಪುರ ಆರಿಸಿ ಕಳಿಸಿದ್ದು ಬಿಜೆಪಿಯ ಹಿರಿಯ ನಾಯಕ ಬಿ.ಬಿ. ಶಿವಪ್ಪ ಅವರನ್ನು. 1999ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದಾಗಲೂ ಗೆದ್ದವರು ಶಿವಪ್ಪನವರೇ. 2004ರಲ್ಲಿ ಜೆಡಿಎಸ್‌ನ ಎಚ್.ಎಂ. ವಿಶ್ವನಾಥ್ ಆಯ್ಕೆಯಾದರು.

ಮೀಸಲು ಕ್ಷೇತ್ರವಾದ ಮೇಲೆ ಜೆಡಿಎಸ್‌ನ ಎಚ್.ಕೆ. ಕುಮಾರಸ್ವಾಮಿ 2008, 2013, 2018ರಲ್ಲಿ ಸತತ ಮೂರು ಸಲ ಗೆದ್ದರು. 2019ರಲ್ಲಿ ಪಕ್ಷದ ರಾಜ್ಯಾಧ್ಯಕ್ಷರೂ ಆದರು. 2018ರಲ್ಲೇ ಬಿಜೆಪಿ ಅವರ ಗೆಲುವಿನ ಅಂತರವನ್ನು ಐದು ಸಾವಿರದೊಳಗೆ ಇಳಿಸಿತ್ತು. 2023ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಪಡೆದು ಬಿಜೆಪಿ 66ಕ್ಕೆ ಕುಸಿದರೂ, ಇಲ್ಲಿ ಬಿಜೆಪಿಯ ಸಿಮೆಂಟ್ ಮಂಜು 2,056 ಮತಗಳಿಂದ ಕುಮಾರಸ್ವಾಮಿಯವರನ್ನು ಸೋಲಿಸಿದರು. ಕಾಂಗ್ರೆಸ್ ಮೂರನೆಯದಾಯಿತು. 1994ರಿಂದೀಚಿನ ಏಳು ವಿಧಾನಸಭಾ ಚುನಾವಣೆಗಳಲ್ಲಿ ಆ ಪಕ್ಷ ಇಲ್ಲಿ ಒಮ್ಮೆಯೂ ಗೆದ್ದಿಲ್ಲ.

ಲೋಕಸಭೆಗೆ ಈ ಕ್ಷೇತ್ರ ಹಾಸನಕ್ಕೆ ಸೇರಿದೆ. 2023ರಲ್ಲಿ ಎದುರಾಳಿಗಳಾಗಿದ್ದ ಬಿಜೆಪಿ, ಜೆಡಿಎಸ್ 2024ರಲ್ಲಿ ಒಂದೇ ಮೈತ್ರಿಕೂಟದಲ್ಲಿದ್ದರೂ ಹಾಸನದಲ್ಲಿ ಗೆದ್ದದ್ದು ಕಾಂಗ್ರೆಸ್‌ನ ಶ್ರೇಯಸ್ ಪಟೇಲ್.

ಪಕ್ಷ ಯಾವುದೇ ಇರಲಿ, ಮಲೆಭಾಗದ ಮತದಾರರು ಕೇಳುವ ಮೊದಲ ಪ್ರಶ್ನೆ ಕಾಡಾನೆಯದು. ಆನೆಗಳು ಗದ್ದೆ ತುಳಿಯುತ್ತವೆ, ಬಾಳೆ ಮುರಿಯುತ್ತವೆ, ತೋಟದೊಳಗೇ ಬೀಡುಬಿಡುತ್ತವೆ. ಬೆಳಗ್ಗೆ ಕೆಲಸಕ್ಕೆ ಹೊರಟ ಕೂಲಿಯಾಳು ಸಂಜೆ ಲೈನ್ ಮನೆಗೆ ಜೀವಂತ ಮರಳುವ ಭರವಸೆಯಿಲ್ಲದ ದಿನಗಳಿವೆ. ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ ಸತ್ತದ್ದೂ ಇಲ್ಲಿಯೇ: 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗಿದ್ದ ಅದು ಒಂಟಿಸಲಗದೊಡನೆ ಕಾದಾಡಿ ಪ್ರಾಣ ಬಿಟ್ಟಿತು. ನಾಡಿಗೆಲ್ಲ ಸುದ್ದಿಯಾದ ಆ ಸಾವು ಹೋಬಳಿಯ ಜನ ವರ್ಷಗಳಿಂದ ಹೇಳುತ್ತಿದ್ದ ಕಷ್ಟಕ್ಕೆ ಸಾಕ್ಷಿಯಾಯಿತು. ಇದರ ಜೊತೆಗೆ ಒತ್ತುವರಿ ಜಮೀನಿನ ಹಕ್ಕು, ಮಳೆಗಾಲದಲ್ಲಿ ಕುಸಿಯುವ ಘಟ್ಟದ ರಸ್ತೆ, ಎತ್ತಿನಹೊಳೆ ಯೋಜನೆಗೆ ಹೋದ ಭೂಮಿ, ತೋಟ ಕಾರ್ಮಿಕರ ಸ್ವಂತ ನಿವೇಶನ – ಇವೂ ಪ್ರತಿ ಚುನಾವಣೆಯಲ್ಲಿ ಮತ್ತೆ ಮೇಲೆದ್ದು ಬರುವ ವಿಷಯಗಳು.

ಸಂವಿಧಾನದ 84ನೇ ತಿದ್ದುಪಡಿಯ ಪ್ರಕಾರ ವಿಧಾನಸಭಾ ಸ್ಥಾನಗಳ ಮುಂದಿನ ಮರುಹೊಂದಾಣಿಕೆ 2026ರ ನಂತರದ ಮೊದಲ ಜನಗಣತಿಯನ್ನು ಆಧರಿಸಬೇಕು. ಬೇಲೂರಿನಿಂದ ಇಲ್ಲಿಗೆ ಬಂದ ಮೀಸಲಾತಿ ಆಗ ಇಲ್ಲೇ ಉಳಿಯಬಹುದು, ಬೇರೆಡೆಗೆ ಹೋಗಲೂಬಹುದು. ಕಟ್ಟಾಯದ ಸೇರ್ಪಡೆಯೂ ಮರುಪರಿಶೀಲನೆಗೆ ಬರಬಹುದು. ಅಲ್ಲಿಯವರೆಗೆ ಈ ಮೂರು ಸೀಮೆಗಳ ಮತ ಒಟ್ಟಿಗೇ ಎಣಿಕೆಯಾಗುತ್ತದೆ. ಅಂತರ ಎರಡು ಸಾವಿರದ ಆಸುಪಾಸಿಗೆ ಇಳಿದಿರುವಾಗ, ಯಾವ ಹೋಬಳಿಯನ್ನೂ ಕಡೆಗಣಿಸಿ ಇಲ್ಲಿ ಗೆಲ್ಲಲಾಗದು.