ಜೇನು ಕೂತರೆ ಹುಚ್ಚೆಳ್ಳು ಜಳ್ಳಾಗುತ್ತದೆಯೇ?

‘ಪೆಟ್ಟಿಗೆ ಇಲ್ಲಿಡಬೇಡಿ ಸ್ವಾಮಿ, ನಿಮ್ಮ ಜೇನು ರಸ ಹೀರಿದರೆ ನಮ್ಮ ಕಾಳು ಜಳ್ಳಾಗುತ್ತದೆ.’ ಮಲೆನಾಡಿನ ಬಾಳೂರು ಕಡೆಯಿಂದ ಜೇನುಪೆಟ್ಟಿಗೆ ಹೇರಿಕೊಂಡು ಕಡೂರಿನ ಬಯಲಿಗೆ ಇಳಿದವರಿಗೆ ಹುಚ್ಚೆಳ್ಳು ಹೊಲದ ಬದುವಿನಲ್ಲಿ ಸಿಗುವ ಉತ್ತರ ಇದು. ಓದು ಬರಹ ಬಲ್ಲವರೂ ಇದನ್ನೇ ಹೇಳುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಸಂಗತಿ ಪೂರಾ ತಿರುಗುಮುರುಗು: ಜೇನು ಬಾರದಿದ್ದರೇ ಹುಚ್ಚೆಳ್ಳು ಜಳ್ಳು.

ಒಂದು ಹೂ ಕಿತ್ತು ಕಣ್ಣ ಹತ್ತಿರ ಹಿಡಿಯಿರಿ. ಸುತ್ತ ಸಾಮಾನ್ಯವಾಗಿ ಎಂಟು ಹಳದಿ ಎಸಳು, ಒಂದೊಂದರ ತುದಿಯಲ್ಲೂ ಸಣ್ಣ ಕಚ್ಚು. ನಡುವಿನ ಗುಂಡಿಯಲ್ಲಿ ಹತ್ತಾರು ಪುಟಾಣಿ ಹೂಗಳು ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಅರಳುತ್ತ ಹೋಗುತ್ತವೆ. ಪುಟಾಣಿ ಹೂ ಒಂದಕ್ಕೆ ಕಾಳು ಒಂದೇ. ಆ ಹೂವಿನ ನಡುವಿಂದ ಮೇಲೇಳುವ ಶಲಾಕೆ ತನ್ನದೇ ಪರಾಗವನ್ನು ಮೈಗೆ ಮೆತ್ತಿಕೊಂಡೇ ಬರುತ್ತದೆ. ಆದರೂ ಕಾಳು ಕಟ್ಟುವುದಿಲ್ಲ, ಏಕೆಂದರೆ ಸ್ವಂತ ಗಿಡದ ಪರಾಗ ಅದಕ್ಕೆ ಒಗ್ಗುವುದಿಲ್ಲ. ಬೇರೆ ಗಿಡದ್ದೇ ಬೇಕು. ಪರಾಗ ಅಂಟಂಟು, ಗಾಳಿಗೆ ದೂರ ಹಾರುವ ಜಾತಿಯಲ್ಲ. ಹೊತ್ತು ತರಲು ಕಾಲುಳ್ಳ ಕೀಟ ಬೇಕು.

ರಸ ಹೋದರೆ ಸಾರ ಹೋಯಿತು ಎಂಬ ಲೆಕ್ಕವೂ ತಪ್ಪು. ಮಕರಂದ ಕಾಳಿಗಾಗಿ ಕೂಡಿಟ್ಟ ಆಹಾರವಲ್ಲ, ಜೇನಿಗೆ ಗಿಡ ಕೊಡುವ ಕೂಲಿ. ನೂರು ಗ್ರಾಂ ಕಾಳಿನಲ್ಲಿರುವ 30ರಿಂದ 40 ಗ್ರಾಂ ಎಣ್ಣೆ ತಯಾರಾಗುವುದು ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಿಂದ. ಹೂ ಬಿಟ್ಟ ವಾರವೇ ಜಡಿಮಳೆ ಹಿಡಿದು ಜೇನು ಹಾರದಿದ್ದರೆ, ಕಾಳು ಬಲಿಯುವಾಗ ತೇವ ಸಾಲದಿದ್ದರೆ, ಹಳದಿ ದಾರದಂಥ ಕಸ್ಕ್ಯೂಟ ಬಳ್ಳಿ ಗಿಡಕ್ಕೆ ಸುತ್ತಿಕೊಂಡರೆ ಜಳ್ಳಾಗುತ್ತದೆ. ಬೈಗುಳ ಮಾತ್ರ ಕಣ್ಣಿಗೆ ಕಂಡ ಜೇನಿಗೆ. ಅನುಮಾನವಿದ್ದವರು ಮೊಗ್ಗಿರುವಾಗಲೇ ಕೆಲವಕ್ಕೆ ಸೊಳ್ಳೆಪರದೆಯ ತುಂಡು ಕಟ್ಟಿ, ಪಕ್ಕದ ಕೆಲವನ್ನು ಹಾಗೇ ಬಿಟ್ಟು, ಒಣಗಿದ ಮೇಲೆ ಎರಡನ್ನೂ ಅಂಗೈಯಲ್ಲಿ ಉಜ್ಜಿ ನೋಡಲಿ. ಖರ್ಚಿಲ್ಲದ ಈ ಪರೀಕ್ಷೆ ಮಾಡುವವರೇ ಇಲ್ಲ. ಪಕ್ಕದ ಹೊಲದವರು ಹೇಳಿದರು ಎಂಬುದೇ ಪುರಾವೆ!

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ತಿಂದರೆ ತಲೆ ಕೆಡುತ್ತದೆ ಎಂಬುದು ಸುಳ್ಳು. ಇದರ ತವರಾದ ಇಥಿಯೋಪಿಯದಲ್ಲಿ ಇದು ಅಡುಗೆ ಎಣ್ಣೆ, ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆಗಿನ ಗುರೆಳ್ಳು ಹಿಂಡಿ. ಎಳ್ಳಿನ ತಳಿಯೂ ಅಲ್ಲ, ಇದು ಸೂರ್ಯಕಾಂತಿಯ ಬಳಗ. ಅಮೆರಿಕದಲ್ಲಿ ಹಕ್ಕಿಗಳಿಗೆ ಹಾಕುವ ಇದೇ ಕಾಳನ್ನು ಅಲ್ಲಿಯ ಜನ ಮುಳ್ಳುಗಿಡದ ಬೀಜವೆಂದು ಬಹುಕಾಲ ನಂಬಿದ್ದರು. ನಂಬುವ ಚಟ ನಮ್ಮೊಬ್ಬರದೇ ಅಲ್ಲ.

ಜೇನಿನ ಮೇಲಿನ ಅಪವಾದ ಮಾತಿನಲ್ಲೇ ನಿಲ್ಲುವುದಿಲ್ಲ ಎಂಬುದೇ ನನ್ನ ಸಂಕಟ. ಹೂ ತುಂಬಿದ ಹೊಲಕ್ಕೆ ಬೆಳಿಗ್ಗೆಯೇ ಔಷಧಿ ಹೊಡೆಯುತ್ತಾರೆ. ಮಳೆಗಾಲದಲ್ಲಿ ಮಲೆ ಬಿಟ್ಟು ಬಯಲಿಗಿಳಿದ ಹೆಜ್ಜೇನು ಅಲ್ಲೇ ಉದುರುತ್ತದೆ. ಬದುಕುಳಿದದ್ದು ಮರಳಿ ಘಟ್ಟ ಹತ್ತಿದರೆ ಕಾಫಿ ತೋಟದ ನಮ್ಮವರು ಹೆದರಿಕೆಯಿಂದ ಗೂಡಿಗೆ ಬೆಂಕಿ ಇಡುತ್ತಾರೆ. ರೊಬಸ್ಟಾ ಕಾಫಿಯೂ ಸ್ವಂತ ಪರಾಗ ಒಲ್ಲದ ಗಿಡ ಎಂದು ಗೊತ್ತಿದ್ದವರೇ ಹೀಗೆ ಮಾಡುವುದನ್ನು ಕಂಡಿದ್ದೇನೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಬಹುಪಾಲು ಕುಟುಂಬಗಳು ದಕ್ಷಿಣ ಭಾರತದಲ್ಲಿ ನಾಶವಾದವು. ಪೆಟ್ಟಿಗೆಗಳು ಮತ್ತೆ ತುಂಬಲು ವರ್ಷಗಳೇ ಹಿಡಿದವು. ರೋಗಕ್ಕೆ ಸಿಕ್ಕಿ ಉಳಿದದ್ದನ್ನು ಗಾಳಿಮಾತಿಗೆ ಕೊಲ್ಲಬೇಕೆ?

ಜುಲೈ-ಆಗಸ್ಟ್‌ನಲ್ಲಿ ಬಿತ್ತಿದ ಹುಚ್ಚೆಳ್ಳು ಮಲೆನಾಡಿನ ಜೇನಿಗೆ ಮೇವಿಲ್ಲದ ಹೊತ್ತಿಗೇ ಹೂವಿಗೆ ಬರುತ್ತದೆ. ಹೂ ತೊಡಗುತ್ತಿದ್ದಂತೆ ಪೆಟ್ಟಿಗೆಯವರನ್ನು ನೀವೇ ಕರೆದು ಬದುವಿನಲ್ಲಿ ಜಾಗ ಕೊಡಿ. ಹೂವಿನ ಕಾಲದಲ್ಲಿ ಔಷಧಿ ಬೇಡವೇ ಬೇಡ. ಹೊಡೆಯಲೇಬೇಕಾಗಿ ಬಂದರೆ ಪೆಟ್ಟಿಗೆಯವರಿಗೆ ಹಿಂದಿನ ದಿನವೇ ತಿಳಿಸಿ, ಹೊತ್ತು ಮುಳುಗಿ ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ.