ಪೀಠವೂ ನೇಮವೂ

ಇಂಗ್ಲಿಷ್ ಕಾದಂಬರಿಗಳನ್ನು ಓದುವ ನಮ್ಮ ವಿದ್ಯಾರ್ಥಿಗಳನ್ನು ‘ಡೀನ್’, ‘ಕ್ಯಾನನ್’, ‘ಪ್ರಿಸೆಂಟರ್’ ಎಂಬ ಪದಗಳು ತೊಡಕಿಗೆ ಸಿಲುಕಿಸುತ್ತವೆ. ಇವೆಲ್ಲವನ್ನೂ ‘ಪಾದ್ರಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಆದರೆ ಒಂದೊಂದು ಪದದ ಹಿಂದೆಯೂ ಒಂದು ದೊಡ್ಡ ಸಂಸ್ಥೆಯ ಚರಿತ್ರೆಯಿದೆ. ಆ ಚರಿತ್ರೆ ಕೇಳುವ ಪ್ರಶ್ನೆಯೊಂದು, ಆನವಟ್ಟಿಯಲ್ಲಿ ಕುಳಿತು ಕನ್ನಡ ಪಾಠ ಹೇಳುವ ನನ್ನಂಥವನನ್ನೂ ಬಿಡುವುದಿಲ್ಲ: ಕೆಲಸಕ್ಕಾಗಿ ಸಮಾಜ ಕೊಟ್ಟ ಜೀವನೋಪಾಯ, ಕೆಲಸ ನಿಂತ ಮೇಲೂ ನಮ್ಮದೆನಿಸಬಹುದೆ?

‘ಕಥೀಡ್ರಲ್’ ಎಂಬುದರ ಮೂಲ ಗ್ರೀಕ್ ಮಾತು. ಅದರ ಅರ್ಥ ಪೀಠ. ಗೋಪುರದ ಎತ್ತರದಿಂದ ಈ ಹೆಸರು ಬಂದುದಲ್ಲ. ಬಿಷಪ್ಪರ ಪೀಠ ಯಾವ ಗುಡಿಯಲ್ಲಿದೆಯೋ ಅದೇ ಕಥೀಡ್ರಲ್. ಕನ್ನಡ ಕಥೋಲಿಕರು ಇದನ್ನು ‘ಪ್ರಧಾನಾಲಯ’ವೆನ್ನುತ್ತಾರೆ. ನಮ್ಮ ಜಿಲ್ಲೆಗೂ ಇದು ಹೊರಗಿನ ಮಾತಲ್ಲ. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ ರಚಿತವಾಯಿತು. ಅದರ ಪೀಠ ಆ ನಗರದ ಪವಿತ್ರ ಹೃದಯ ಪ್ರಧಾನಾಲಯದಲ್ಲಿದೆ.

ಪೀಠದಲ್ಲಿ ಕುಳಿತವರು ಒಬ್ಬರೇ ಆದರೂ ಅದರ ಸುತ್ತ ಒಂದು ಗುರುವರ್ಗ ಬೇಕಾಗಿದ್ದಿತು. ಉತ್ತರ ಆಫ್ರಿಕದ ಹಿಪ್ಪೋ ನಗರದಲ್ಲಿ ಬಿಷಪ್ಪರಾಗಿದ್ದ ಸಂತ ಅಗಸ್ಟೀನರು ತಮ್ಮ ಪಾದ್ರಿಗಳೊಡನೆ ಒಂದೇ ಮನೆಯಲ್ಲಿ, ಸ್ವಂತ ಆಸ್ತಿಯಿಲ್ಲದೆ ಬಾಳಿದರು. ಮುಂದೆ ಸುಮಾರು 755ರಲ್ಲಿ, ಇಂದಿನ ಫ್ರಾನ್ಸಿನ ಮೆಟ್ಸ್ ನಗರದ ಬಿಷಪ್ ಕ್ರೋಡೆಗಾಂಗ್ ತಮ್ಮ ಗುರುವರ್ಗಕ್ಕೆಂದು ಒಂದು ನೇಮಾವಳಿಯನ್ನು ಬರೆದರು. ಒಟ್ಟಿಗೆ ಉಣ್ಣಬೇಕು, ಒಂದೇ ಸೂರಿನಡಿ ಮಲಗಬೇಕು, ಗೊತ್ತಾದ ಹೊತ್ತುಗಳಲ್ಲಿ ಕೂಡಿ ಪ್ರಾರ್ಥಿಸಬೇಕು. ಇವರು ಸಂನ್ಯಾಸಿಗಳಲ್ಲ; ಸ್ವಂತ ಆಸ್ತಿಯನ್ನು ಉಳಿಸಿಕೊಳ್ಳಲು ಅವರಿಗೆ ಅಪ್ಪಣೆಯಿದ್ದಿತು. 816ರ ಆಹೆನ್ ಸಭೆ ಇಂಥ ನೇಮವನ್ನು ಇಡೀ ಫ್ರಾಂಕ್ ಸಾಮ್ರಾಜ್ಯಕ್ಕೆ ವಿಸ್ತರಿಸಿತು. ‘ಕ್ಯಾನನ್’ ಎಂಬ ಮಾತಿನ ಮೂಲದಲ್ಲಿರುವ ಅರ್ಥ ಅಳತೆಗೋಲು, ನಿಯಮ. ಕನ್ನಡದಲ್ಲಿ ‘ನೇಮಸ್ಥ’ನೆಂದರೆ ಸಲ್ಲುತ್ತದೆ. ಸೇರಿದಾಗಲೆಲ್ಲ ನೇಮಗ್ರಂಥದ ಒಂದು ಅಧ್ಯಾಯವನ್ನು ಓದುತ್ತಿದ್ದುದರಿಂದ ಆ ಸಭೆಗೆ ‘ಚಾಪ್ಟರ್’ ಎಂಬ ಹೆಸರೇ ನಿಂತಿತು.

ಕಾಲಕ್ರಮದಲ್ಲಿ ಕೆಲಸಗಳು ಹಂಚಿಹೋದವು. ಸಭೆಗೆ ಹಿರಿಯನು ಡೀನ್; ಗಾಯನಕ್ಕೆ ಪ್ರಿಸೆಂಟರ್; ಪತ್ರವ್ಯವಹಾರಕ್ಕೂ ಪಾಠಶಾಲೆಗೂ ಛಾನ್ಸಲರ್; ಪಾತ್ರೆ ಒಡವೆಗಳಿಗೆ ಟ್ರೆಷರರ್. ಬಿಷಪ್ಪರನ್ನು ಆರಿಸುವ ಹಕ್ಕೂ ಹಲವೆಡೆ ಈ ಸಭೆಯ ಕೈಗೆ ಬಂದಿತು. 1179ರ ಲ್ಯಾಟರನ್ ಮಹಾಸಭೆಯ ಒಂದು ವಿಧಿ ನಮ್ಮಂಥ ಅಧ್ಯಾಪಕರ ಗಮನಕ್ಕೆ ಅರ್ಹವಾದುದು: ಪ್ರತಿಯೊಂದು ಕಥೀಡ್ರಲಿನಲ್ಲಿಯೂ ಒಬ್ಬ ಉಪಾಧ್ಯಾಯನಿಗೆ ಜೀವನವೃತ್ತಿ ಏರ್ಪಡಿಸಬೇಕು, ಅವನು ಬಡ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಕಲಿಸಬೇಕು. ಪ್ಯಾರಿಸ್ಸಿನ ವಿಶ್ವವಿದ್ಯಾನಿಲಯ ಮೊಳೆತದ್ದು ನೋತ್ರ್ ದಾಮ್ ಕಥೀಡ್ರಲಿನ ನೆರಳಿನಲ್ಲಿಯೆ. ಇಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಡೀನರೂ ಛಾನ್ಸಲರೂ ಇರುವುದು ಆ ಗುಡಿಯ ನೆನಪಿನಿಂದ.

ಆದರೆ ದತ್ತಿ ಬೆಳೆದಂತೆ ನೇಮ ಸಡಿಲವಾಯಿತು. ಒಬ್ಬೊಬ್ಬ ಕ್ಯಾನನಿಗೂ ಭೂಮಿಯ ಉತ್ಪನ್ನದಲ್ಲಿ ಒಂದು ಪಾಲು ಗೊತ್ತಾಗಿದ್ದಿತು. ಪಾಲನ್ನು ಪಡೆದು ಊರು ಬಿಟ್ಟು ಇರುವುದು, ಹಾಡುವುದಕ್ಕೆ ಕೂಲಿಯ ಪ್ರತಿನಿಧಿಯನ್ನು ನೇಮಿಸುವುದು ರೂಢಿಯಾಯಿತು. ಇಂಗ್ಲೆಂಡಿನಲ್ಲಿ 1840ರ ಶಾಸನ ಇಂಥ ಅನೇಕ ಸ್ಥಾನಗಳನ್ನು ತಡೆಹಿಡಿದು, ಆ ಹಣವನ್ನು ಬಡ ಪ್ಯಾರಿಷ್‌ಗಳತ್ತ ತಿರುಗಿಸಿತು. ಆಂಟನಿ ಟ್ರಾಲಪ್ 1855ರಲ್ಲಿ ಪ್ರಕಟಿಸಿದ ‘ದಿ ವಾರ್ಡನ್’ ಕಾದಂಬರಿಯ ವಸ್ತುವೂ ಇದೇ. ಅದರ ಮುದುಕ ಪ್ರಿಸೆಂಟರ್ ಹಾರ್ಡಿಂಗ್ ಕಳ್ಳನಲ್ಲ, ಸಜ್ಜನ. ಹನ್ನೆರಡು ಬಡವರಿಗಾಗಿ ಬಿಟ್ಟ ದತ್ತಿಯಿಂದ ತನಗೆ ವರ್ಷಕ್ಕೆ ಎಂಟುನೂರು ಪೌಂಡು ಬರುವುದು ನ್ಯಾಯವೆ ಎಂಬ ಸಂದೇಹ ಹುಟ್ಟಿದ ಮೇಲೆ ಅವನಿಗೆ ನಿದ್ರೆಯಿಲ್ಲ. ಕಾನೂನು ತನ್ನ ಪರವಾಗಿದೆಯೆಂದು ಬಂಧುಗಳು ಹೇಳಿದರೂ ಕೇಳದೆ ಸ್ಥಾನವನ್ನು ಬಿಟ್ಟುಕೊಡುತ್ತಾನೆ.

ದತ್ತಿಗೂ ದುಡಿಮೆಗೂ ಇರುವ ಈ ಸಂಬಂಧ ಯುರೋಪಿಗೆ ಮಾತ್ರ ಸೇರಿದುದಲ್ಲ. ನಮಗೆ ಸಮೀಪದ ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಸನ್ನಿಧಿಯ ಕೋಡಿಯಮಠವಿದ್ದಿತು. ಅಲ್ಲಿ ಪೀಠ ಕಾಳಾಮುಖ ಆಚಾರ್ಯರದು. ಪರಂಪರೆ ಬೇರೆ, ದೈವ ಬೇರೆ. ಆದರೂ 1162ರ ಶಾಸನವನ್ನು ಓದಿದರೆ ಆ ಸಾಮ್ಯ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ವೇದಗಳ, ವ್ಯಾಕರಣಗಳ, ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತು. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ಶಾಸನ ಮಠವನ್ನು ಹೊಗಳುವುದು ಅದರ ಕೆಲಸಗಳನ್ನು ಎಣಿಸುವುದರ ಮೂಲಕವೇ. ಇಂದು ಕೇದಾರೇಶ್ವರನ ಗುಡಿ ನಿಂತಿದೆ. ಆ ಪಾಠ ನಿಂತುಹೋಗಿದೆ.

ಭಾರತದಲ್ಲಿ ಕ್ಯಾನನರ ಸಭೆ ಪೋರ್ಚುಗೀಸರ ಗೋವೆಯಲ್ಲಿ ಬೇರೂರಿತು. ಅಲ್ಲಿನ ಧರ್ಮಕ್ಷೇತ್ರ 1534ರಲ್ಲಿ ಸ್ಥಾಪಿತವಾದುದು. ಇತರೆಡೆಗಳಲ್ಲಿ ಅದು ಹೆಚ್ಚಾಗಿ ಹಬ್ಬಲಿಲ್ಲ. 1983ರ ಕಥೋಲಿಕ ಧರ್ಮಸಂಹಿತೆ ಪ್ರತಿಯೊಬ್ಬ ಬಿಷಪ್ಪರಿಗೂ ಆರಕ್ಕೆ ಕಡಿಮೆಯಿಲ್ಲದ, ಹನ್ನೆರಡಕ್ಕೆ ಮೀರದ ಪಾದ್ರಿಗಳ ಸಲಹಾಮಂಡಲಿಯನ್ನು ಐದು ವರ್ಷಗಳ ಅವಧಿಗೆ ವಿಧಿಸಿದೆ. ಪೀಠ ಖಾಲಿಯಾದಾಗ ತಾತ್ಕಾಲಿಕ ಆಡಳಿತಗಾರನನ್ನು ಆರಿಸುವ ಹೊಣೆ ಆ ಮಂಡಲಿಯದು. ದತ್ತಿಯ ಪಾಲು ಹೋಯಿತು, ಆಲೋಚನೆಯ ಹೊಣೆ ಉಳಿಯಿತು.

ನನಗೆ ಇದು ನಷ್ಟವೆಂದು ತೋರುವುದಿಲ್ಲ. ಭೂಮಿಯನ್ನು ಕೊಟ್ಟ ದಾನಿಗಳು ಅಲ್ಲಾಗಲಿ ಇಲ್ಲಾಗಲಿ ಕೊಟ್ಟದ್ದು ಹಾಡಿಗಾಗಿ, ಪಾಠಕ್ಕಾಗಿ, ಹಸಿದವನ ಅನ್ನಕ್ಕಾಗಿ. ಸಂಬಳ ಪಡೆಯುವ ನಾವೂ ಒಂದು ಬಗೆಯ ದತ್ತಿಯನ್ನೇ ಉಣ್ಣುತ್ತಿದ್ದೇವೆ. ನಮ್ಮ ನೇಮದ ಅಧ್ಯಾಯವನ್ನು ಆಗಾಗ ಓದಿಕೊಳ್ಳುವುದು ಒಳ್ಳೆಯದು.